ಏಳನೆಯ ಕೊಲೆಗೆ ಮುಹೂರ್ತ

ನಮ್ಮೂರಿನಲ್ಲಿ ವಿಡಿಯೋ ಗೇಮ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು ಮನೆಯಲ್ಲಿ ಎಷ್ಟು ಕೋಣೆಗಳಿವೆ ಎಂದು. ಆಮೇಲೆ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ ಎಂದು. ಬೆಲೆಯ ಮಾತು ಬರುವುದು ಕೊನೆಗೆ. ಆಟದಲ್ಲಿ ಸತ್ತವರು ಮಾರನೆಯ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಆಡಿದವರ ಮನೆ ಬಾಗಿಲಿಗೆ ಬಂದು ನಿಲ್ಲುವ ಊರಿನಲ್ಲಿ ಇದನ್ನೆಲ್ಲ ಕೇಳದೆ ಮಾರುವುದು ಹೊಣೆಗೇಡಿತನ. ಹಿಂದೆ ಹೈಸ್ಕೂಲಿನ ಡ್ರಿಲ್ ಮಾಸ್ತರೊಬ್ಬರು ಬೇಸಿಗೆ ರಜೆಯಲ್ಲಿ ಯುದ್ಧದ ಆಟ ಆಡಿದರು. ಒಂದೇ ವಾರದಲ್ಲಿ ಸಾವಿರದ ಇನ್ನೂರು ಸೈನಿಕರು ಅವರ ಓಣಿಯಲ್ಲಿ ಸಾಲುಗಟ್ಟಿ ನಿಂತು ಸ್ನಾನಕ್ಕೆ ನೀರು ಕೇಳಿದರು. ಅಂದಿನಿಂದ ಪುರಸಭೆ ಯುದ್ಧದ ಆಟಗಳನ್ನು ನಿಷೇಧಿಸಿದೆ. ಸೈನಿಕರೇನೋ ಒಳ್ಳೆಯವರೇ, ನಮ್ಮೂರಿನ ಚರಂಡಿಗಳು ಇಷ್ಟು ನೇರವಾಗಿರುವುದು ಅವರಿಂದಲೇ. ಆದರೂ ಆ ವರ್ಷ ಉಪ್ಪಿಟ್ಟಿನ ರವೆಗೆ ಊರು ಪಟ್ಟ ಪಾಡನ್ನು ಯಾರೂ ಮರೆತಿಲ್ಲ.

ನಾನು ಧರಣೇಂದ್ರ. ಕೋಟೆ ಬಾಗಿಲ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ, ಅದರ ಮೇಲೆಯೇ ಮನೆ. ವಯಸ್ಸು ಐವತ್ತಾರು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು ಕೊಟ್ಟು, ಅದರಲ್ಲಿ ನಿಜವಾದದ್ದು ಯಾವುದೆಂದು ನನಗೇ ಮರೆತುಹೋಗಿದೆ. ಜೈನರ ಮನೆಯಲ್ಲಿ ಹುಟ್ಟಿದವನು. ನೀರನ್ನು ಸೋಸಿ ಕುಡಿಯುತ್ತೇನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುತ್ತೇನೆ, ಅಂಗಡಿಗೆ ನುಗ್ಗಿದ ಜಿರಳೆಯನ್ನು ಕಾಗದದಲ್ಲಿ ಎತ್ತಿ ಹೊರಗೆ ಬಿಡುತ್ತೇನೆ. ಇಂಥವನು ಕೊಲೆಯ ಆಟ ಯಾಕೆ ತಂದೆ ಎಂದರೆ, ಊಟ ಬೇಗ ಮುಗಿಸುವವನಿಗೆ ಸಂಜೆ ಬಹಳ ಉದ್ದ. ಕಾರು ಓಡಿಸುವ ಆಟ ಆಡಿ ನೋಡಿದ್ದೆ, ತಲೆ ಸುತ್ತಿತು. ಹಣ್ಣು ಜೋಡಿಸುವ ಆಟದಲ್ಲಿ ಆಕಳಿಕೆ ಬಂತು. ತಲೆಗೆ ಕೆಲಸ ಕೊಡುವಂಥದ್ದೇನಾದರೂ ಇದ್ದರೆ ಕೊಡಿ ಎಂದು ಮೆಹರುನ್ನೀಸಾಳ ಅಂಗಡಿಗೆ ಹೋಗಿ ಕೇಳಿದೆ. ಊರಿನಲ್ಲಿ ಗೇಮ್ ಮಾರುವ ಪರವಾನಗಿ ಇರುವುದು ಆಕೆಯೊಬ್ಬಳಿಗೇ.

"ಇದ್ರಲ್ಲಿ ಕೊಲೆ ಇದೆ ಅಣ್ಣಾ. ನಿಮ್ಗಾಗುತ್ತಾ?" ಎಂದಳು.

"ಒಂದು ಕೊಲೆ ತಾನೆ? ಮಿಕ್ಕಿದ್ದೆಲ್ಲಾ ಯೋಚನೆ ಮಾಡೋದು" ಎಂದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ಒಂದು ಮದುವೆ. ಒಂದು ಕೊಲೆ. ಕೊಂದವರು ಯಾರು?' ಎಂದಿತ್ತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಅದು ಆರಂಭ ಮಾತ್ರ' ಎಂದಿತ್ತು. ಸಣ್ಣ ಅಕ್ಷರ ಓದಿಸುವುದನ್ನೇ ಕಸುಬು ಮಾಡಿಕೊಂಡವನು ಆ ಡಬ್ಬಿಯನ್ನು ತಿರುಗಿಸಿ ನೋಡಲಿಲ್ಲ. ಮೆಹರುನ್ನೀಸಾ ನನ್ನ ಮನೆಯ ಎರಡು ಕೋಣೆ, ಒಂದು ನಡುಮನೆ, ಎರಡು ಗಂಟೆಯ ನೀರು ಎಲ್ಲವನ್ನೂ ಬರೆದುಕೊಂಡು, "ನಡುಮನೇಲಿ ಚಾಪೆ ಹಾಸಿದ್ರೆ ಆಗುತ್ತೆ ಬಿಡಿ" ಎಂದಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಆಟ ನಡೆಯುವುದು ಒಂದು ದ್ವೀಪದ ಕಲ್ಯಾಣ ಮಂಟಪದಲ್ಲಿ. ನೆಂಟರು ಬರುವ ಮುಂಚೆಯೇ ದೋಣಿ ಕೊಚ್ಚಿಹೋಗಿದೆ, ಅಲ್ಲಿರುವ ಎಂಟು ಜನರಲ್ಲಿ ಯಾರೂ ಹೊರಗೆ ಹೋಗುವಂತಿಲ್ಲ. ಆಡುವವರು ಮದುಮಗಳಾಗಿ ಆಡಬೇಕು. ಅವಳ ಹೆಸರು ವೈಜಯಂತಿ. ಅವಳು ಕೊಲೆಗಾರನನ್ನು ಪತ್ತೆ ಮಾಡಬೇಕು, ಅಂದರೆ ನಾನು ಮಾಡಬೇಕು. ಪರದೆಯ ಮೇಲೆ ಕಾಣುವುದು ಮದರಂಗಿ ಹಚ್ಚಿದ ಅವಳ ಎರಡು ಕೈ ಮಾತ್ರ. ಐವತ್ತಾರು ವರ್ಷದ ಗಂಡಸು ಬಳೆ ತೊಟ್ಟ ಆ ಕೈಗಳಿಂದ ಬಾಗಿಲು ತೆಗೆಯುವುದನ್ನು ಕಲಿಯಲು ಎರಡು ಸಂಜೆ ಹಿಡಿಯಿತು. ಎಡಕ್ಕೆ ಹೋಗು ಅಂದರೆ ಬಲಕ್ಕೆ ಹೋಗಿ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿದ್ದೆ. ಮೂರನೆಯ ಸಂಜೆ ಅಡುಗೆಮನೆಯ ಬಾಗಿಲು ತೆಗೆದೆ. ಅಡುಗೆಯ ಶಾಮಭಟ್ಟರು ಸಾರಿನ ಕೊಪ್ಪರಿಗೆಯ ಮೇಲೆ ಬಗ್ಗಿದ್ದರು. ಕಂಬಳಿ ಹೊದ್ದ ಯಾರೋ ಹಿಂದಿನಿಂದ ಬಂದು ಚಾಕು ಹಾಕಿದರು. ಆ ಸದ್ದಿದೆಯಲ್ಲ, ಅದನ್ನು ನಾನು ಬರೆಯುವುದಿಲ್ಲ.

ಕೈಯಲ್ಲಿದ್ದ ಕಂಟ್ರೋಲರನ್ನು ಬಿಸಾಡಿ ಓಡಿಹೋಗಿ ಎರಡು ಲೋಟ ನೀರು ಕುಡಿದೆ. ಅದಕ್ಕಿಂತ ಕಸಿವಿಸಿಯಾದ ಇನ್ನೊಂದು ಸಂಗತಿ ಇದೆ, ಹೇಳಿಯೇ ಬಿಡುತ್ತೇನೆ. ನೀರು ಕುಡಿದು ಬಂದವನು ಆ ದೃಶ್ಯವನ್ನು ಇನ್ನೊಮ್ಮೆ ನೋಡಿದೆ. ಸುಳಿವು ಸಿಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೋಡಬೇಕು ಅನ್ನಿಸಿತು, ನೋಡಿದೆ.

ಬೆಳಿಗ್ಗೆ ಬಾಗಿಲು ತೆಗೆದರೆ ಶಾಮಭಟ್ಟರು ನಿಂತಿದ್ದರು. ಹಾಲಿನ ಪ್ಯಾಕೆಟ್ಟನ್ನು ಅವರೇ ಕೈಗೆತ್ತಿಕೊಂಡಿದ್ದರು. "ಸ್ವಲ್ಪ ಇದನ್ನ ಎಳೀತೀರಾ ಯಜಮಾನ್ರೇ? ನನ್ನ ಕೈಗೆ ಎಟುಕ್ತಿಲ್ಲ" ಎಂದು ಬೆನ್ನು ತಿರುಗಿಸಿದರು.

ಮೊದಲು ಬಿಸಿನೀರು, ಆಮೇಲೆ ಕಾಫಿ, ಹೇಗೆ ಸತ್ತಿರಿ ಎಂದು ಮಾತ್ರ ಕೇಳಬಾರದು, ಇದು ನಮ್ಮೂರಿನ ಮರ್ಯಾದೆ. ಮಿಂದೆದ್ದ ಮೇಲೆ ಗಾಯ ಮಾಯುತ್ತದೆ, ಅಂಗಿಯ ತೂತು ಮಾತ್ರ ಉಳಿಯುತ್ತದೆ. ಅದಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ದರ್ಜಿ ಇದ್ದಾನೆ, ಇರಿತದ ಅಂಗಿ ಬಿಟ್ಟು ಬೇರೆ ಏನನ್ನೂ ಹೊಲಿಯುವುದಿಲ್ಲ. ಶಾಮಭಟ್ಟರು ಆ ಚಾಕುವನ್ನು ಮೂರು ಸಲ ತೊಳೆದು, "ಒಳ್ಳೇ ಸ್ಟೀಲು" ಎಂದು ಹುರುಳಿಕಾಯಿ ಹೆಚ್ಚಲು ಕೂತರು. ನಮ್ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಗೆಡ್ಡೆಗೆಣಸೂ ಇಲ್ಲ ಎಂದಾಗ ಮುಖ ಸಣ್ಣದು ಮಾಡಿಕೊಂಡರು. ಆದರೆ ಅಂದು ಅವರು ಮಾಡಿದ ಹುಳಿಯನ್ನು ಉಂಡು ನಾನು ಅಂಗಡಿ ಬಾಗಿಲು ತೆಗೆಯುವುದನ್ನು ಮರೆತೆ.

ಆಟವನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದೆ ಕೂಡ, ಎರಡು ದಿನ. ಆದರೆ ಕೊಲೆಗಾರ ಅಲ್ಲಿ ಇನ್ನೂ ಓಡಾಡಿಕೊಂಡಿದ್ದಾನೆ, ಬೇಗ ಹಿಡಿದರೆ ಮಿಕ್ಕವರಾದರೂ ಉಳಿಯುತ್ತಾರೆ ಎಂಬ ಯೋಚನೆ ಬಿಡಲಿಲ್ಲ. ಹಿಡಿಯುವ ಹೊತ್ತಿಗೆ ಓಲಗದ ಅಂಕಯ್ಯ ಹೋದ. ಮಾರನೆಯ ದಿನ ಕುತ್ತಿಗೆಗೆ ಬಿಗಿದಿದ್ದ ರೇಷ್ಮೆ ಶಲ್ಯವನ್ನು ಬಿಚ್ಚಿಕೊಳ್ಳುತ್ತಲೇ ಬಂದು, ಗಂಟಲು ಸರಿಯಿದೆಯೇ ಎಂದು ನೋಡಲು ನನ್ನ ಮೆಟ್ಟಿಲ ಮೇಲೆ ಕೂತು ನಾದಸ್ವರ ಊದಿದ. ಇಡೀ ಬೀದಿ ಹಲ್ಲುಜ್ಜುವುದನ್ನು ಬಿಟ್ಟು ಕೇಳಿತು. ಆಮೇಲೆ ಪುರೋಹಿತರು ಬಂದರು, ಅವರ ಹಿಂದೆಯೇ ಫೋಟೋಗ್ರಾಫರ್ ಬಂದ. ಎರಡು ವಾರದಲ್ಲಿ ನನ್ನ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುರೋಹಿತರು ನನ್ನ ಗಿರಾಕಿಗಳಿಗೆ ಕನ್ನಡಕ ಹಾಕಿಕೊಳ್ಳಲು ಒಳ್ಳೆಯ ಗಳಿಗೆ ನೋಡಿಕೊಡುತ್ತಿದ್ದರು, ಫೋಟೋಗ್ರಾಫರ್ ಹೊಸ ಕನ್ನಡಕದಲ್ಲಿ ಅವರ ಫೋಟೋ ತೆಗೆಯುತ್ತಿದ್ದ. ಬೆಳಿಗ್ಗೆ ಎದ್ದರೆ ಯಾರೋ ಕೆಮ್ಮುವ ಸದ್ದು, ಒಗ್ಗರಣೆಯ ಸದ್ದು, ಬಚ್ಚಲಿಗೆ ಯಾರು ಮೊದಲು ಎಂಬ ಜಗಳ. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಜಗಳ ಬಿಡಿಸಲು ಹೋಗದೆ ಹಾಸಿಗೆಯಲ್ಲೇ ಮಲಗಿ ಕೇಳುತ್ತಿದ್ದೆ.

ಆ ಸಂತೋಷವೇ ನನ್ನನ್ನು ಕಾಡಲು ಶುರುವಾಯಿತು. ಇವರೆಲ್ಲ ಬಂದದ್ದು ಹೇಗೆ? ಒಬ್ಬೊಬ್ಬರೂ ಚೀರಿಕೊಂಡು, ಒದ್ದಾಡಿಕೊಂಡು. ಒಂದೊಂದು ಸಲವೂ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಬೆರಳ ಸಂದಿಯಿಂದ ನೋಡಿದ್ದೆ. ಫೋಟೋಗ್ರಾಫರ್ ವಿಷಯದಲ್ಲಿ ನನ್ನ ಮೇಲೆ ನನಗೇ ಅನುಮಾನವಿದೆ. ಅವನ ಕೋಣೆಯ ಬೀಗದ ಕೈ ವೈಜಯಂತಿಯ ಕೈಯಲ್ಲೇ ಇತ್ತು. ನಾನು ಮೆಟ್ಟಿಲು ಹತ್ತುವುದು ತಡ ಮಾಡಿದೆ. ಬೆರಳು ತೊಡರಿತೋ, ಅಥವಾ ಹಿಂದಿನ ದಿನ ಅಂಕಯ್ಯ 'ನಮ್ಮ ಫೋಟೋದವನೊಬ್ಬ ಇದ್ದಿದ್ರೆ ಮಜಾ ಇರ್ತಿತ್ತು' ಅಂದದ್ದು ತಲೆಯಲ್ಲಿತ್ತೋ, ಹೇಳಲಾರೆ. ಬಸದಿಯ ಹಿರಿಯರನ್ನು ಹೋಗಿ ಕೇಳಿದೆ. ಅವರು, "ಕೇಳೋಕೆ ಬಂದಿದೀಯಲ್ಲ, ಅಷ್ಟರಮಟ್ಟಿಗೆ ಒಳ್ಳೇದು" ಎಂದರು.

ಐದನೆಯವರು ಮದುಮಗನ ತಾಯಿ ವಿಶಾಲಾಕ್ಷಮ್ಮ. ಬಂದವರೇ ಬಿಸಿನೀರಿಗೂ ಕಾಯದೆ ನನಗೆ ಪೂಜೆ ಮಾಡಿದರು. "ಅಲ್ರೀ, ನಾನು ಅಲ್ಲಿ ಬಾಗಿಲು ಬಡ್ಕೊಂಡು ಕೂಗ್ತಿದೀನಿ, ನೀವು ನನ್ನ ಸೊಸೇನ ಕರ್ಕೊಂಡು ಹೋಗಿ ಹೂವಿನ ಬುಟ್ಟಿ ತಡಕ್ತಾ ಇದೀರಾ? ಬುಟ್ಟೀಲಿ ಏನಿತ್ತು?"

"ಸುಳಿವು ಇರಬಹುದು ಅಂತ..."

"ಹೂವಿನ ಬುಟ್ಟೀಲಿ ಹೂವಿರುತ್ತೆ!"

ಅಂದಿನಿಂದ ಸಂಜೆಯಾದರೆ ಐದೂ ಜನ ನನ್ನ ಹಿಂದೆ ಚಾಪೆ ಹಾಕಿಕೊಂಡು ಕೂರತೊಡಗಿದರು. ಕಂಬಳಿಯೊಳಗಿನ ಮುಖವನ್ನು ಅವರಲ್ಲಿ ಯಾರೂ ನೋಡಿರಲಿಲ್ಲ. ಅಲ್ಲಿ ನೋಡಿ, ಇಲ್ಲಿ ತಿರುಗಿ, ಮಂಚದ ಕೆಳಗೆ ಬಗ್ಗಿ. ಇಷ್ಟು ಜನ ಹೇಳಿಕೊಟ್ಟರೂ ಆರನೆಯವನನ್ನು ಉಳಿಸಲಾಗಲಿಲ್ಲ. ಮದುಮಗ ಶ್ರೀಕರ ಧಾರೆಯ ಮಂಟಪದ ಹಿಂದೆ ಬಿದ್ದಿದ್ದ. ವಿಶಾಲಾಕ್ಷಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ವೈಜಯಂತಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನಾನು ಎಷ್ಟು ಒತ್ತಿದರೂ ಏಳಲಿಲ್ಲ. ಆಟದವರು ಹಾಗೆ ಮಾಡಿಟ್ಟಿರಬಹುದು. ಇರಲಿ. ನಾನು ಕಂಟ್ರೋಲರ್ ಕೆಳಗಿಟ್ಟು ಅವಳು ಏಳುವವರೆಗೆ ಕಾದೆ.

ಬೆಳಿಗ್ಗೆ ಶ್ರೀಕರ ಬಂದ. ತಲೆಗೆ ಪೇಟ, ಹಣೆಗೆ ಬಾಸಿಂಗ, ಪಂಚೆಯ ತುಂಬ ರಕ್ತ. ತಾಯಿ ಅಪ್ಪಿಕೊಂಡು ಅತ್ತರು, ನಕ್ಕರು, ತಲೆಗೆ ಎಣ್ಣೆ ಒತ್ತಿದರು. ಅವನು ಎಲ್ಲರಿಗೂ ನಮಸ್ಕಾರ ಮಾಡಿದ. ಎಲೆಯ ಮುಂದೆ ಕೂತ, ಅನ್ನ ಕಲಸಿದ, ತಿನ್ನಲಿಲ್ಲ. ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತು ಬೀದಿಯ ಕಡೆ ನೋಡುತ್ತಿದ್ದ.

ಅಷ್ಟು ಹೊತ್ತಿಗೆ ಕೊಲೆಗಾರ ಯಾರೆಂದು ನನಗೆ ಗೊತ್ತಾಗಿತ್ತು. ಮದುಮಗಳ ಸೋದರಮಾವ, ನರಹರಿ. ಬದುಕುಳಿದವರು ಅವನು ಮತ್ತು ಅವಳು ಇಬ್ಬರೇ ಆದಮೇಲೆ ಇದನ್ನು ಕಂಡುಹಿಡಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ, ಒಪ್ಪುತ್ತೇನೆ. ಯಾಕೆ ಕೊಂದ ಎಂದು ಕೇಳಬೇಡಿ, ಆಟ ಬರೆದವರು ಕೊಟ್ಟ ಕಾರಣ ನನಗೆ ಒಪ್ಪಿಗೆಯಾಗಲಿಲ್ಲ. ಪರದೆಯ ಮೇಲೆ ಎರಡು ದಾರಿ ತೋರಿಸುತ್ತಿತ್ತು. 'ಪೊಲೀಸರಿಗೆ ತಿಳಿಸು' ಎಂದರೆ ಅವರು ಬಂದು ನರಹರಿಯನ್ನು ಹಿಡಿಯುತ್ತಾರೆ, ಅವಳು ಉಳಿಯುತ್ತಾಳೆ, ನಾನು ಗೆದ್ದಂತೆ. 'ಎದುರಿಸು' ಎಂದರೆ ಅವಳು ಸಾಯುತ್ತಾಳೆ, ಅದು ಗ್ಯಾರಂಟಿ ಎಂದು ಊರಿನಲ್ಲಿ ಇಂಥ ಆಟ ಆಡಿದವರೆಲ್ಲ ಹೇಳಿದ್ದರು.

ಗೆದ್ದರೆ ಅವಳಿಗೆ ಸಿಗುವುದೇನು? ದ್ವೀಪ, ಖಾಲಿ ಕಲ್ಯಾಣ ಮಂಟಪ, ಬಾಡಿದ ತೋರಣ. ಅವಳವರೆಲ್ಲ ನನ್ನ ನಡುಮನೆಯಲ್ಲಿ. ಒಂದು ಸಂಜೆಯೆಲ್ಲ ಎರಡೂ ದಾರಿ ಹಿಡಿಯದೆ ಅವಳನ್ನು ಸುಮ್ಮನೆ ಕೋಣೆಯಿಂದ ಕೋಣೆಗೆ ನಡೆಸಿದೆ. ಪ್ರತಿ ಬಾಗಿಲು ತೆಗೆದಾಗಲೂ ಅವಳು "ಯಾರಾದರೂ ಇದ್ದೀರಾ?" ಎಂದು ಕೇಳುತ್ತಿದ್ದಳು. ಹನ್ನೊಂದನೆಯ ಬಾಗಿಲಿಗೆ ಶಾಮಭಟ್ಟರು ತಡೆಯಲಾರದೆ, "ಇಲ್ಲಿದೀವಿ ಕಣಮ್ಮಾ" ಎಂದು ಟಿವಿಗೆ ಉತ್ತರ ಕೊಟ್ಟರು.

ಮರುದಿನ ಮೆಹರುನ್ನೀಸಾಳನ್ನು ಕೇಳಿದೆ. ಆಕೆ ತಲೆಯಾಡಿಸಿದಳು. "ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ ಅಣ್ಣಾ. ಆಡೋರು ಯಾರಾಗಿ ಆಡ್ತಾರೋ ಆ ಹೀರೋ, ಹೀರೋಯಿನ್ನು ಇವತ್ತಿನವರೆಗೂ ಒಬ್ರೂ ಬಂದಿಲ್ಲ."

"ಯಾಕೆ ಬರಲ್ಲ?"

"ಅವ್ರು ಸತ್ತ ತಕ್ಷಣ 'ಮತ್ತೆ ಆಡು' ಅಂತ ಬರುತ್ತಲ್ಲ, ಎಲ್ರೂ ಒತ್ತೇ ಒತ್ತುತಾರೆ. ವಾಪಸ್ ಹೋಗ್ಬಿಡ್ತಾರೆ ಒಳಗೆ. ಸೋತೆ ಅಂತ ಒಪ್ಕೊಂಡು ಯಾರಣ್ಣಾ ಸುಮ್ನೆ ಕೂತ್ಕೋತಾರೆ?"

"ಒತ್ತದೇ ಇದ್ರೆ?"

"ಗೊತ್ತಿಲ್ಲ" ಎಂದಳು. "ಒತ್ತದೇ ಇದ್ದೋರನ್ನ ನಾನು ನೋಡೇ ಇಲ್ಲ."

ಮನೆಗೆ ಬಂದು ವಿಷಯ ಮುಂದಿಟ್ಟೆ. ಬಂದರೂ ಬರಬಹುದು, ಬರದೆಯೂ ಇರಬಹುದು. ಬರದಿದ್ದರೆ ಅವಳು ಎಲ್ಲಿಯೂ ಇರುವುದಿಲ್ಲ, ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎಲ್ಲರೂ ಒಟ್ಟಿಗೇ ಮಾತಾಡಿದರು. ಶ್ರೀಕರ ಮಾತ್ರ ಮೊದಲ ಸಲ ಗಟ್ಟಿಯಾಗಿ, "ಬೇಡ ಸಾರ್. ಪೊಲೀಸ್ನೋರನ್ನ ಕರೀರಿ. ಅವಳಾದ್ರೂ ಇರ್ಲಿ" ಎಂದ.

"ಇದ್ದು?" ವಿಶಾಲಾಕ್ಷಮ್ಮ ಮಗನ ಮೇಲೆ ರೇಗಿದರು. "ಯಾರ ಮುಖ ನೋಡ್ಕೊಂಡು ಇರ್ಬೇಕೋ ಆ ಮಗು? ನೀನಿಲ್ಲಿ ಅನ್ನ ಕಲಸಿ ಕಲಸಿ ಎಮ್ಮೆಗೆ ಹಾಕು, ಅವಳಲ್ಲಿ ಗೋಡೆ ಮಾತಾಡಿಸ್ಲಿ!"

"ಯಜಮಾನ್ರು ಆಡ್ತಿರೋದು, ಯಜಮಾನ್ರೇ ಹೇಳ್ಲಿ" ಎಂದ ಅಂಕಯ್ಯ. ಎಲ್ಲರೂ ನನ್ನ ಕಡೆ ನೋಡಿದರು. ಜಿರಳೆಯನ್ನು ಕೊಲ್ಲದವನ ಮುಂದೆ ಒಬ್ಬ ಹೆಣ್ಣುಮಗಳ ಪ್ರಾಣ ತಂದು ಇಟ್ಟಿದ್ದರು. ಆಗ ಅಡುಗೆಮನೆಯಿಂದ ಶಾಮಭಟ್ಟರು, "ನೀವು ಏನಾದ್ರೂ ಮಾಡ್ಕೊಳಿ, ನಾನು ಬರ್ತಾಳೆ ಅಂತ ಬೇಳೆ ನೆನೆಹಾಕಿದೀನಿ" ಎಂದರು.

ಅಂದು ಸಂಜೆ 'ಎದುರಿಸು' ಒತ್ತಿದೆ. ವೈಜಯಂತಿ ಮಂಟಪದ ನಡುವೆ ಹೋಗಿ ನಿಂತಳು. ಕಂಬಳಿ ಹೊದ್ದವನು ಬಂದ. "ಮುಚ್ಕೋಬೇಡ ಮಾವಾ, ನೀನೇ ಅಂತ ಗೊತ್ತು" ಎಂದು ಅವಳೇ ಕೈಚಾಚಿ ಕಂಬಳಿ ಎಳೆದಳು. ಓಡಲಿಲ್ಲ. ಆ ಕೈಗಳು ಅವನ ಕೈಯನ್ನು ತಡೆದವು, ಬಳೆ ಒಡೆದವು. ನನ್ನ ಹಿಂದೆ ಎಲ್ಲರೂ ತಲೆ ತಗ್ಗಿಸಿದ್ದರು. ಆರು ಸಲ ಕಣ್ಣು ಮುಚ್ಚಿದ್ದ ನಾನು ಈ ಸಲ ಮುಚ್ಚಲಿಲ್ಲ. ಕಳಿಸುತ್ತಿರುವವನು ನಾನು, ಕೊನೆಯವರೆಗೆ ನೋಡುವುದಾದರೂ ನನ್ನಿಂದ ಆಗಬೇಕು ಅನ್ನಿಸಿತು. ಪರದೆ ಕೆಂಪಾಗಿ, ಆಮೇಲೆ ಕಪ್ಪಾಯಿತು. 'ನೀವು ಸೋತಿದ್ದೀರಿ. ಮತ್ತೆ ಆಡುವಿರಾ?' ಎಂದು ಕೇಳಿತು. ಹತ್ತರಿಂದ ಎಣಿಕೆ ಇಳಿಯತೊಡಗಿತು. ಬೆರಳು ಎಷ್ಟು ತುರಿಸಿತೆಂದರೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತೆ. ಸೊನ್ನೆ ಆದಮೇಲೆ ಟಿವಿ ಸುಮ್ಮನಾಯಿತು. ಶ್ರೀಕರ ಎದ್ದು ಹೋಗಿ ಪ್ಲಗ್ ಕಿತ್ತ.

ಬೆಳಿಗ್ಗೆ ಹಾಲು ಬಂತು. ಅವಳು ಬರಲಿಲ್ಲ. ಪೇಪರ್ ಬಂತು, ಹೂವಿನವಳು ಬಂದಳು, ನೀರು ಬಂದು ನಿಂತೂ ಹೋಯಿತು. ಒಂಬತ್ತಾಯಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಶಾಮಭಟ್ಟರು ಒಲೆ ಹಚ್ಚಿರಲಿಲ್ಲ. ಕೊಂದುಬಿಟ್ಟೆ, ನಿಜವಾಗಿ ಕೊಂದುಬಿಟ್ಟೆ ಎಂದುಕೊಂಡೆ. ಒಂಬತ್ತೂವರೆಗೆ ಬೀದಿಯ ಮೂಲೆಯಲ್ಲಿ ಗದ್ದಲ ಕೇಳಿತು. ನೋಡಿದರೆ ಏಳೆಂಟು ಹೆಂಗಸರ ನಡುವೆ ಧಾರೆ ಸೀರೆ ಉಟ್ಟ ಒಬ್ಬಳು. ಮದುಮಗಳು ಒಬ್ಬಳೇ ಬೀದಿಯಲ್ಲಿ ಬರುತ್ತಿದ್ದಾಳೆ ಎಂದು ಮೂಲೆಮನೆಯವರು ಒಳಗೆ ಕರೆದು ಎಣ್ಣೆನೀರು ಹಾಕಿದ್ದರು, ಪಕ್ಕದವರು ಇಡ್ಲಿ ತಿನ್ನಿಸಿದ್ದರು, ಅದರಾಚೆಯವರು ಹೊಸ ಬಳೆ ತೊಡಿಸಿ ಜಡೆ ಹಾಕಿದ್ದರು. ಯಾರ ಮನೆಯನ್ನೂ ಬೇಡ ಎನ್ನಲಾಗದೆ ಅವಳು ಇಡೀ ಬೀದಿಯನ್ನು ಮುಗಿಸಿಕೊಂಡು ಬಂದಿದ್ದಳು.

ಶ್ರೀಕರ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿದ. ಅವರಿಬ್ಬರೂ ಏನು ಮಾತಾಡಿದರೋ ಕೇಳಿಸಲಿಲ್ಲ, ಅಂಕಯ್ಯ ಆಗಲೇ ಊದಲು ಶುರುಮಾಡಿದ್ದ. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ ಎದ್ದ ವೈಜಯಂತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವೇನಾ? ನನ್ನ ಕಂಡ್ ಕಂಡ್ ಕಂಬಕ್ಕೆ ಗುದ್ದಿಸ್ತಾ ಇದ್ದೋರು?"

ನಾನು ತಲೆಯಾಡಿಸಿದೆ.

ಮುಹೂರ್ತ ಹನ್ನೆರಡಕ್ಕಿದೆ ಎಂದು ಪುರೋಹಿತರು ಘೋಷಿಸಿದರು. ಎರಡು ಗಂಟೆಯಲ್ಲಿ ಬೀದಿಗೆ ಅಡ್ಡಲಾಗಿ ಚಪ್ಪರ ಎದ್ದಿತು. ಕನ್ನಡಕದ ಪೆಟ್ಟಿಗೆಗಳ ಮೇಲೆ ಹಲಗೆ ಹಾಸಿ ಮಂಟಪ ಮಾಡಿದರು. ಬೇಳೆ ನೆನೆದಿತ್ತಲ್ಲ, ಹೋಳಿಗೆಯೇ ಆಯಿತು. ಎಲ್ಲ ಸಿದ್ಧವಾಗಿ, ಮದುಮಗನ ಮುಂದೆ ಅಂತರಪಟ ಹಿಡಿದು, ಪುರೋಹಿತರು ರೂಢಿಯಂತೆ ಕೂಗಿದರು. "ಮದುಮಗಳ ಸೋದರಮಾವ ಬರಬೇಕು. ಮದುಮಗಳನ್ನ ಮಂಟಪಕ್ಕೆ ಕರ್ಕೊಂಡು ಬರಬೇಕು."

ಕೂಗಿದ ಮೇಲೆ ಅವರಿಗೆ ಅರ್ಥವಾಯಿತು. ಅಂಕಯ್ಯನ ಓಲಗ ಅರ್ಧಕ್ಕೇ ನಿಂತಿತು. ವಿಶಾಲಾಕ್ಷಮ್ಮ ನೆಲ ನೋಡಿದರು. ಸೋದರಮಾವ ಆ ದ್ವೀಪದಲ್ಲಿ ಚಾಕು ಹಿಡಿದು ಒಬ್ಬನೇ ನಿಂತಿದ್ದ.

ವೈಜಯಂತಿ ಕೋಣೆಯಿಂದ ತಾನೇ ಹೊರಗೆ ಬಂದು ನನ್ನ ಮುಂದೆ ನಿಂತಳು. "ಮೂರು ವಾರ ನಡೆಸಿದೀರಿ ನನ್ನ. ಇನ್ನು ಇಪ್ಪತ್ತು ಹೆಜ್ಜೆ ನಡೆಸೋಕಾಗಲ್ವಾ?"

"ನಾನು ಬೇರೆ ಜನ ಕಣಮ್ಮಾ, ನಿಮ್ಮ ಶಾಸ್ತ್ರ ನನಗೆ ಬರಲ್ಲ" ಎಂದೆ. ಅದು ನಿಜವಾದ ಮಾತಾಗಿರಲಿಲ್ಲ. ಆಮೇಲೆ ನಿಜವಾದದ್ದನ್ನೇ ಹೇಳಿದೆ. "ನಿನ್ನ ಅಲ್ಲಿ ಅವನ ಮುಂದೆ ನಿಲ್ಲಿಸಿದ್ದು ನಾನೇ ಅಲ್ವಾ."

"ನಿಂತಿದ್ದು ನಾನು" ಎಂದಳು ಅವಳು. "ನೀವು ಕಣ್ಣು ಮುಚ್ಕೊಂಡ್ರಾ?"

"ಇಲ್ಲ."

"ಗೊತ್ತು. ಯಾರೋ ಜೊತೇಲಿದಾರೆ ಅನ್ನಿಸ್ತಿತ್ತು." ಅವಳು ಕೈ ಚಾಚಿದಳು.

ಆ ಕೈಯನ್ನು ನಾನು ಮೂರು ವಾರ ಪರದೆಯ ಮೇಲೆ ನೋಡಿದ್ದೆ. ಮದರಂಗಿಯ ಒಂದೊಂದು ಗೆರೆಯೂ ಗೊತ್ತಿತ್ತು. ಅದು ಇಷ್ಟು ಬೆಚ್ಚಗಿರುತ್ತದೆ ಎಂದು ಗೊತ್ತಿರಲಿಲ್ಲ. ಹಿಡಿದುಕೊಂಡು ಹೊರಟೆ. ಎರಡೂ ಬದಿಯಲ್ಲಿ ಊರು ನಿಂತಿತ್ತು, ನನ್ನ ಕನ್ನಡಕ ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಮಂಟಪದ ಹತ್ತಿರ ಬಂದಾಗ ನನ್ನ ಹೆಬ್ಬೆರಳು ತಂತಾನೇ ಅವಳ ಅಂಗೈಯನ್ನು ಬಲಕ್ಕೆ ಒತ್ತಿತು.

"ಎಡಕ್ಕೆ, ಮಾವ" ಎಂದಳು ವೈಜಯಂತಿ, ಮೆಲ್ಲಗೆ ನನ್ನನ್ನು ತಿರುಗಿಸಿಕೊಂಡು.